ಇನ್ನು ಏಳು ತಿಂಗಳಿಗೆ ಕಮಾಂಡ್, ಈ ಕಡೆ ಅಪ್ಪನ ಕಾಫಿ ಪುಡಿ ಅಂಗಡಿ. ಯಾವುದು ಹಿಡಿಯಲಿ?

ಪೀಬೆರಿ:

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನನಗೆ 31 ವರ್ಷ. ಏರ್‌ಲೈನ್ ಒಂದರಲ್ಲಿ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್, ಎ320 ವಿಮಾನ ಹಾರಿಸುತ್ತೇನೆ. 2,900 ಗಂಟೆ ಆಗಿದೆ, ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸ್ ಕೈಯಲ್ಲಿದೆ. ಎಲ್ಲ ಸರಿಯಾಗಿ ನಡೆದರೆ ಇನ್ನು ಏಳೆಂಟು ತಿಂಗಳಲ್ಲಿ ಕಮಾಂಡ್ ಟ್ರೈನಿಂಗ್‌ಗೆ, ಅಂದರೆ ಕ್ಯಾಪ್ಟನ್ ಆಗುವ ತರಬೇತಿಗೆ, ಕರೆಯುತ್ತಾರೆ. ಬೇಸ್ ಹೈದರಾಬಾದ್. ಬೆಂಗಳೂರಿಗೆ ಹಾಕಿ ಅಂತ ಅರ್ಜಿ ಕೊಟ್ಟು ಎರಡು ವರ್ಷ ಆಯಿತು, ಅದು ಎಲ್ಲೋ ಮಲಗಿದೆ.

ಊರು ಹಾಸನ. ಅಪ್ಪನದು ಕಾಫಿ ಪುಡಿ ಅಂಗಡಿ, 1989ರಿಂದ. ಮುಂದೆ ಗಲ್ಲಾ, ಪಕ್ಕದಲ್ಲಿ ಗ್ರೈಂಡರ್, ಹಿಂದೆ 15 ಕೆಜಿ ಹುರಿಯುವ ಡ್ರಮ್. ನಾನು ಪೈಲಟ್ ಆದಾಗಿನಿಂದ ಮನೆಯಲ್ಲಿ ಒಂದೇ ಜೋಕು, ಅಪ್ಪನಿಗೂ ರೋಸ್ಟರ್ (ಹುರಿಯುವ ಯಂತ್ರ), ಮಗಳಿಗೂ ರೋಸ್ಟರ್ (ಡ್ಯೂಟಿ ಪಟ್ಟಿ) ಅಂತ. ಬೀಜ ಬರುವುದು ಸಕಲೇಶಪುರ, ಆಲೂರು ಕಡೆಯಿಂದ. ಕಾನೂನು ಪ್ರಕಾರ ಚಿಕೋರಿಯನ್ನು ನೂರಕ್ಕೆ 49ರವರೆಗೂ ಬೆರೆಸಬಹುದು, ಅಪ್ಪ ಮಾತ್ರ 30 ದಾಟಿಸುವುದಿಲ್ಲ. ಯಾರಾದರೂ 60:40 ಕೇಳಿದರೆ ನಗುತ್ತಲೇ ಬೇರೆ ಅಂಗಡಿ ತೋರಿಸುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ರಜೆಗೆ ಊರಿಗೆ ಹೋಗಿದ್ದಾಗ ಅಪ್ಪ ಒಂದು ಡ್ರಮ್ ಬೀಜ ಪೂರ್ತಿ ಸುಟ್ಟುಬಿಟ್ಟರು. ಇಷ್ಟು ವರ್ಷದಲ್ಲಿ ಹೀಗೆ ಆಗಿದ್ದೇ ಇಲ್ಲ. ಅಪ್ಪ ಹುರಿಯುವುದು ಕಿವಿಯಿಂದ. ಬೀಜ ಒಂದು ಹದಕ್ಕೆ ಬಂದಾಗ ಚಟ್ ಚಟ್ ಅಂತ ಒಡೆಯುತ್ತೆ, ಅರಳು ಸಿಡಿದ ಹಾಗೆ. ಆ ಸದ್ದು ಶುರುವಾದ ಮೇಲೆ ಮನಸ್ಸಿನಲ್ಲೇ ಎಣಿಸಿಕೊಂಡು, ಚಮಚ ಎಳೆದು ಬಣ್ಣ ನೋಡಿ, ಬಾಗಿಲು ತೆಗೆದು ತಟ್ಟೆಗೆ ಸುರಿಯುತ್ತಾರೆ. ಅವತ್ತು ಆ ಸದ್ದು ಬಂತು, ನಿಂತೂ ಹೋಯಿತು, ಆಮೇಲೆ ಬರುವ ಎರಡನೇ ಸಲದ ಚಟಪಟವೂ ಶುರುವಾಯಿತು, ಅಪ್ಪ ಸುಮ್ನೆ ನಿಂತೇ ಇದ್ದಾರೆ. ನಾನು ಗಲ್ಲಾದಲ್ಲಿ ಕೂತಿದ್ದೆ, ನನಗೆ ಅಲ್ಲಿಗೇ ಕೇಳಿಸುತ್ತಿತ್ತು. "ಅಪ್ಪ, ಬೀಜ!" ಅಂತ ಕೂಗಿದೆ. ಅವರು ನನ್ನ ಕಡೆ ತಿರುಗಿ "ಏನಂದೆ?" ಅಂದರು.

ಅಷ್ಟರಲ್ಲಿ ಹೊಗೆ ಅಂಗಡಿ ತುಂಬಿತ್ತು. ತಟ್ಟೆಗೆ ಬಿದ್ದಿದ್ದು ಇದ್ದಿಲು.

ಮೆಡಿಕಲ್ ಅಂತ ನನ್ನನ್ನು ಡಬ್ಬಿಯಂಥ ರೂಮಿನಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿಸಿ, ಕಿವಿ ಎಷ್ಟು ಕೇಳುತ್ತೆ ಅಂತ ಅಳೆಯುತ್ತಾರೆ. ಗ್ರೈಂಡರ್ ಪಕ್ಕ ಇಷ್ಟು ವರ್ಷ ನಿಂತ ಮನುಷ್ಯನ ಕಿವಿಯನ್ನು ಯಾರೂ ಒಂದು ಸಲವೂ ನೋಡಿಲ್ಲ. ನಾನೂ ನೋಡಿಲ್ಲ.

ಅಪ್ಪನಿಗೆ ಈಗ 66. ತಮ್ಮ ಕೆನಡಾದಲ್ಲಿದ್ದಾನೆ, ವಾಪಸ್ ಬರುವುದಿಲ್ಲ ಅಂತ ಹೇಳಿಯಾಗಿದೆ. ಅಮ್ಮ ಪ್ಯಾಕಿಂಗ್ ನೋಡಿಕೊಳ್ಳುತ್ತಾರೆ, ಇಬ್ಬರು ಹುಡುಗರಿದ್ದಾರೆ. ನಡೆದಷ್ಟು ದಿನ ನಡೆಯಲಿ, ಆಮೇಲೆ ಬಾಗಿಲು ಹಾಕೋಣ ಅನ್ನುತ್ತಾರೆ ಅಪ್ಪ. ನನಗೆ ಅದು ಆಗಲ್ಲ. ಪಿಯುಸಿ ಓದುವಾಗ ಸಂಜೆ ಹೊತ್ತು ಅಲ್ಲೇ ಕೂತು ಫಿಸಿಕ್ಸ್ ಓದಿದವಳು ನಾನು.

ಲೆಕ್ಕ ಹೀಗಿದೆ. ಕೈಗೆ ಬರುವ ಸಂಬಳ ತಿಂಗಳಿಗೆ 2.4 ಲಕ್ಷದ ಹತ್ತಿರ. ಸಿಪಿಎಲ್ (ಪೈಲಟ್ ಲೈಸೆನ್ಸ್), ಟೈಪ್ ರೇಟಿಂಗ್ (ಎ320 ಹಾರಿಸಲು ಬೇಕಾದ ತರಬೇತಿ) ಎಲ್ಲ ಸೇರಿ 72 ಲಕ್ಷ ಖರ್ಚಾಗಿತ್ತು. ಮನೆ ಅಡ ಇಟ್ಟು ಸಾಲ ತೆಗೆದಿದ್ದೆವು, ಇನ್ನೂ 14 ಲಕ್ಷ ಬಾಕಿ, ಕಂತು 58,000. ಅಂಗಡಿಯಲ್ಲಿ ದಿನಕ್ಕೆ ಸರಾಸರಿ 30 ಕೆಜಿ ಪುಡಿ ಹೋಗುತ್ತೆ, ಖರ್ಚು ಕಳೆದು ತಿಂಗಳಿಗೆ 1.2 ಲಕ್ಷ ಉಳಿಯುತ್ತೆ ಅಂತ ಅಪ್ಪ ಹೇಳುತ್ತಾರೆ. 2023ರಿಂದ ಈಚೆಗೆ ಹಸಿ ಬೀಜದ ಬೆಲೆ ದುಪ್ಪಟ್ಟಾಗಿ ಗಿರಾಕಿಗಳು ಅರ್ಧ ಕೆಜಿಯಿಂದ ಕಾಲು ಕೆಜಿಗೆ ಇಳಿದಿದ್ದಾರೆ.

ನಿಜ ಹೇಳಬೇಕು ಅಂದರೆ ನನಗೆ ಎರಡೂ ಇಷ್ಟ. ರಾತ್ರಿ ಎರಡೂವರೆಗೆ ಬರುವ ಪಿಕಪ್ ಕ್ಯಾಬ್ ಇಷ್ಟ ಇಲ್ಲ, ಯಾವಾಗ ಕರೆಯುತ್ತಾರೋ ಅಂತ ಕಾಯುವ ಸ್ಟ್ಯಾಂಡ್‌ಬೈ ದಿನ ಇಷ್ಟ ಇಲ್ಲ. ಅಂಗಡಿಗೆ ಬಂದರೆ ಆನ್‌ಲೈನ್ ಮಾಡಬಹುದು, ದರ್ಶಿನಿಗಳಿಗೆ ಸಪ್ಲೈ ಮಾಡಬಹುದು ಅಂತ ತಲೆಯಲ್ಲಿ ಓಡುತ್ತಿರುತ್ತೆ. ಕಮಾಂಡ್‌ಗೆ ಮೊದಲೇ ಬಿಡಲಾ? ಕಮಾಂಡ್ ಆದ ಮೇಲೆ ಬಿಡಲಾ? ಬಿಡಲೇ ಬಾರದಾ? ಮದುವೆ ವಿಷಯ ಮಾತ್ರ ದಯವಿಟ್ಟು ಯಾರೂ ಎತ್ತಬೇಡಿ.

ಗರುಡಗಂಬ:

ಮುಕ್ಕಾಲು ಕೋಟಿ ಸುರಿದು ಪೈಲಟ್ ಆಗಿ ಈಗ ಪೊಟ್ಟಣ ಕಟ್ಟುತ್ತೀರಾ? ನಿಮ್ಮ ಜಾಗಕ್ಕೆ ಸಾವಿರ ಹುಡುಗರು ಲೈಸೆನ್ಸ್ ಹಿಡಿದುಕೊಂಡು ಕಾಯುತ್ತಿದ್ದಾರೆ ಮೇಡಂ. ನಿಮ್ಮ ಜಿಲ್ಲೆಯವರೇ ಕ್ಯಾಪ್ಟನ್ ಗೋಪಿನಾಥ್. ಅವರನ್ನು ನೋಡಿ. ಅಂಗಡಿ ಗಿಂಗಡಿ ಅಂತ ಕೂತಿದ್ದರೆ ಅವರ ವಿಮಾನ ಕಂಪನಿ ಏರ್ ಡೆಕ್ಕನ್ ಆಗುತ್ತಿತ್ತಾ?

ನಾಲ್ಕು ಪಟ್ಟಿ:

ಗರುಡಗಂಬ ಅವರೇ, ಉದಾಹರಣೆ ಉಲ್ಟಾ ಆಯಿತು. ಗೊರೂರಿನ ಗೋಪಿನಾಥ್ ಅವರು ಸೈನ್ಯದ ಕ್ಯಾಪ್ಟನ್, ವಿಮಾನದ ಕ್ಯಾಪ್ಟನ್ ಅಲ್ಲ. ಸೈನ್ಯ ಬಿಟ್ಟು ಜಾವಗಲ್ ಹತ್ತಿರ ಜಮೀನು ಮಾಡಿದರು, ರೇಷ್ಮೆ ಹುಳು ಸಾಕಿದರು, ಹೋಟೆಲ್ ಇಟ್ಟರು, ಬೈಕ್ ಡೀಲರ್‌ಶಿಪ್ ನಡೆಸಿದರು. ಹೆಲಿಕಾಪ್ಟರ್ ಕಂಪನಿ, 2003ರಲ್ಲಿ ಏರ್ ಡೆಕ್ಕನ್, ಎಲ್ಲ ಆಮೇಲೆ. ಅಂಗಡಿ ಗಿಂಗಡಿ ಅಂತ ಕೂತಿದ್ದಕ್ಕೇ ಆಗಿದ್ದು ಅದು.

ಪೀಬೆರಿ, ನಾನು 19 ವರ್ಷದಿಂದ ಹಾರಿಸುತ್ತಿದ್ದೇನೆ, ಅದರಲ್ಲಿ 12 ವರ್ಷ ಎಡ ಸೀಟು, ಅಂದರೆ ಕ್ಯಾಪ್ಟನ್. ಮಗಳ ವಯಸ್ಸಲ್ಲದಿದ್ದರೂ ತಂಗಿಯ ವಯಸ್ಸು, ಅದಕ್ಕೆ ನೇರವಾಗಿ ಹೇಳುತ್ತೇನೆ.

ಮೊದಲು ನೋಟಿಸ್ ಪೀರಿಯಡ್ ನೋಡಿಕೋ. ವಿಮಾನಯಾನ ನಿಯಂತ್ರಕ ಡಿಜಿಸಿಎಯ 2017ರ ನಿಯಮದಲ್ಲಿ ಫಸ್ಟ್ ಆಫೀಸರ್‌ಗೆ ಆರು ತಿಂಗಳು, ಕಮಾಂಡರ್‌ಗೆ ಒಂದು ವರ್ಷ. ಅಂದರೆ ಇವತ್ತು ಕೊಟ್ಟರೂ ನೀನು ಹಾಸನಕ್ಕೆ ಹೋಗುವುದು ಆರು ತಿಂಗಳ ಮೇಲೆ. ಎಡ ಸೀಟಿಗೆ ಹೋದ ಮೇಲೆ ಅಪ್ಪನಿಗೆ ಏನಾದರೂ ಆಗಿ ಬಿಡಬೇಕು ಅಂದರೆ ಒಂದು ವರ್ಷ. ಬಾಂಡ್ ಇದ್ದರೆ ಅದು ಬೇರೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಆದರೂ ನನ್ನನ್ನು ಕೇಳಿದರೆ ಕಮಾಂಡ್ ಮಾಡಿಯೇ ಬಿಡು. ಕಾರಣ ಸಂಬಳ ಅಂದುಕೊಳ್ಳಬೇಡ, ಆ ಗಂಟೆಗಳು. 2,900 ಗಂಟೆಯ ಫಸ್ಟ್ ಆಫೀಸರ್ ಮೂರು ವರ್ಷ ಬಿಟ್ಟು ವಾಪಸ್ ಬಂದರೆ ಅವಳು ಮತ್ತೆ ಫಸ್ಟ್ ಆಫೀಸರ್, ಅದೂ ಲಿಸ್ಟಿನ ಕೊನೆಯಲ್ಲಿ. ಸಾವಿರ ಗಂಟೆ ಪಿಐಸಿ, ಅಂದರೆ ಕ್ಯಾಪ್ಟನ್ ಆಗಿ ಹಾರಿಸಿದ ಗಂಟೆ, ಬರೆದುಕೊಂಡು ಹೋದವಳಿಗೆ ಬಾಗಿಲು ಸ್ವಲ್ಪ ತೆರೆದಿರುತ್ತೆ. ವರ್ಷಕ್ಕೆ ಸಾವಿರ ಗಂಟೆಗಿಂತ ಜಾಸ್ತಿ ಹಾರಿಸುವ ಹಾಗೇ ಇಲ್ಲ, ನಿಜವಾಗಿ ಸಿಗುವುದು ಏಳುನೂರು ಎಂಟುನೂರು. ಹಾಗಾಗಿ ಕಮಾಂಡ್ ಆದ ಮೇಲೂ ಒಂದೂವರೆ ವರ್ಷ ಅಂತ ಇಟ್ಟುಕೋ. ಆದರೆ ಆ ಟ್ರೈನಿಂಗ್ ಅನ್ನು ಅರ್ಧ ಮನಸ್ಸಿನಲ್ಲಿ ಮಾಡಬೇಡ. ಸಿಮ್ಯುಲೇಟರಿನಲ್ಲಿ ಎಂಜಿನ್ ಹೋದಾಗ ತಲೆಯಲ್ಲಿ ಹಾಸನ ಇರಬಾರದು.

ಇನ್ನೊಂದು ಮಾತು, ಇದು ನಿನ್ನ ಪೋಸ್ಟ್ ಎರಡನೇ ಸಲ ಓದಿದಾಗ ಹೊಳೆದಿದ್ದು. ನಮ್ಮ ಕಾಕ್‌ಪಿಟ್‌ನಲ್ಲಿ ಇಬ್ಬರು ಯಾಕೆ ಇರುತ್ತಾರೆ? ಒಬ್ಬರ ಕಣ್ಣು ತಪ್ಪಿದರೆ ಇನ್ನೊಬ್ಬರು ಕೂಗಿ ಹೇಳಲಿ ಅಂತ. ಚೆಕ್‌ಲಿಸ್ಟ್ ಯಾಕೆ? ನೆನಪನ್ನು ನಂಬಬಾರದು ಅಂತ. ನಿಮ್ಮ ಅಂಗಡಿ ಈಗ ಒಬ್ಬನೇ ಪೈಲಟ್ ಇರುವ ವಿಮಾನ, ಅದೂ ಮೀಟರ್ ಎಲ್ಲ ಕಿತ್ತು ಹಾಕಿ ಬರೀ ಕಿವಿಯಲ್ಲಿ ಹಾರಿಸುತ್ತಿರುವುದು. ನೀನು ಕೆಲಸ ಬಿಟ್ಟು ಹೋಗಿ ಡ್ರಮ್ ಮುಂದೆ ನಿಂತರೂ ಅಷ್ಟೇ. ಕಿವಿ ಬದಲಾಗುತ್ತೆ, ವಿಮಾನ ಅದೇ.

ಅಪ್ಪನನ್ನು ಮೊದಲು ಮೈಸೂರಿಗೆ ಕರೆದುಕೊಂಡು ಹೋಗು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಇಡೀ ದೇಶದಿಂದ ಜನ ಅಲ್ಲಿಗೆ ಬರುತ್ತಾರೆ, ನಿಮಗೆ ಎರಡೂವರೆ ಮೂರು ಗಂಟೆ ದಾರಿ. ಕೆರಿಯರ್ ಯೋಚನೆ ಆಮೇಲೆ ಮಾಡು.

ನೆಲಕ್ಕಿಳಿದವ:

ನಾಲ್ಕು ಪಟ್ಟಿ ಸರ್ ಹೇಳಿದ್ದು ಸರಿ, ಆದರೆ ಅವರು ಹಾರುತ್ತಲೇ ಇರುವವರು. ನಾನು ಇಳಿದವನು, ಈ ಕಡೆಯಿಂದ ಹೇಗೆ ಕಾಣುತ್ತೆ ಅಂತ ಹೇಳುತ್ತೇನೆ.

ನಾನಿದ್ದ ಕಂಪನಿ ಬಾಗಿಲು ಹಾಕಿತು. ಹೆಸರು ಬೇಡ. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್, 2023ರಲ್ಲಿ ಗೋ ಫಸ್ಟ್, ಹೀಗೆ ಐದಾರು ವರ್ಷಕ್ಕೊಮ್ಮೆ ಒಂದೊಂದು ನಿಲ್ಲುವುದು ನಮ್ಮ ದೇಶದಲ್ಲಿ ಮಾಮೂಲು ಅಂತ ಎಲ್ಲರಿಗೂ ಗೊತ್ತು, ಆದರೂ ತನ್ನದು ನಿಲ್ಲಲ್ಲ ಅಂತಲೇ ಪ್ರತಿಯೊಬ್ಬ ಪೈಲಟ್ ಅಂದುಕೊಂಡಿರುತ್ತಾನೆ. ನಾನೂ ಅಂದುಕೊಂಡಿದ್ದೆ. ಐದು ತಿಂಗಳು ಸಂಬಳ ಇಲ್ಲ. ಆರನೇ ತಿಂಗಳಿಗೆ ತುಮಕೂರಿನಲ್ಲಿ ಭಾವನ ಹಾರ್ಡ್‌ವೇರ್ ಅಂಗಡಿಗೆ ಸೇರಿಕೊಂಡೆ, ಈಗ ಅರ್ಧ ಪಾಲು ನನ್ನದು.

ಮೊದಲ ಪಾಠ ಉದ್ರಿ. ಒಬ್ಬ ಕಂಟ್ರಾಕ್ಟರ್, ತುಂಬಾ ಒಳ್ಳೆಯವನು, ದಿನಾ ಬಂದು "ಕ್ಯಾಪ್ಟನ್ ಸಾಹೇಬ್ರೇ" ಅಂತ ಕರೆಯುತ್ತಿದ್ದ. ನಾನು ಕ್ಯಾಪ್ಟನ್ ಆಗೇ ಇರಲಿಲ್ಲ, ಆದರೂ ಕೇಳೋಕೆ ಚೆನ್ನಾಗಿತ್ತು. ಪೈಪು, ಪೇಂಟು, ಸಿಮೆಂಟು ಅಂತ 1 ಲಕ್ಷ 80 ಸಾವಿರ ಉದ್ರಿ ಬರೆಸಿ ಸೈಟ್ ಮುಗಿಸಿ ಹೋದವನು ಇವತ್ತಿಗೂ ಬಂದಿಲ್ಲ. ವಿಮಾನದಲ್ಲಿ ಯಾರೂ ಉದ್ರಿ ಕೇಳುವುದಿಲ್ಲ ನೋಡಿ, ಇಲ್ಲ ಅನ್ನುವುದು ನಮಗೆ ಅಭ್ಯಾಸವೇ ಇರುವುದಿಲ್ಲ. ನೀವು ದರ್ಶಿನಿಗಳಿಗೆ ಸಪ್ಲೈ ಅಂದಿರಲ್ಲ, ಅದನ್ನು ಓದಿ ನನಗೆ ಎದೆ ಧಸಕ್ ಅಂತು. ಹೋಟೆಲ್ ಸಪ್ಲೈ ಅಂದರೆ ಪೂರ್ತಿ ಉದ್ರಿ ವ್ಯಾಪಾರ. ಕೌಂಟರಿನಲ್ಲಿ ಕಾಲು ಕೆಜಿ ತಗೊಳ್ಳುವವರು ದುಡ್ಡು ಕೊಟ್ಟು ಹೋಗುತ್ತಾರೆ, ಅವರನ್ನು ಕೈಬಿಡಬೇಡಿ.

ಎರಡನೆಯದು, ವಾಪಸ್ ಹೋಗುವ ವಿಷಯ. ಮೂರು ವರ್ಷದ ಮೇಲೆ ಒಂದು ಕಡೆ ಕರೆದರು. ಪ್ರಯಾಣಿಕರನ್ನು ಕೂರಿಸಿಕೊಂಡು ಹಾರಬೇಕು ಅಂದರೆ ಹಿಂದಿನ 90 ದಿನದಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿರಬೇಕು, ನನಗೆ ಒಂದೂ ಇಲ್ಲ. ಮೆಡಿಕಲ್ ಹೊಸದಾಗಿ, ಇನ್‌ಸ್ಟ್ರುಮೆಂಟ್ ರೇಟಿಂಗ್ (ಮೀಟರ್ ನೋಡಿಕೊಂಡೇ ಹಾರಿಸುವ ಅರ್ಹತೆ) ಹೊಸದಾಗಿ, ಸಿಮ್ಯುಲೇಟರ್ ನಮ್ಮ ಖರ್ಚು. ಲೆಕ್ಕ ಹಾಕಿದೆ, ಸುಮ್ಮನಾದೆ. ಲೈಸೆನ್ಸ್ ಅನ್ನುವುದು ಮೊಸರಿನ ಹಾಗೆ, ಹೆಪ್ಪು ಉಳಿಸಿಕೊಂಡಿದ್ದರೆ ನಾಳೆಗೂ ಆಗುತ್ತೆ, ಪಾತ್ರೆ ತೊಳೆದಿಟ್ಟರೆ ಮುಗೀತು.

ಬೇಜಾರಿದೆಯಾ ಅಂದರೆ, ಇದೆ. ಏನು ನೆನಪಾಗುತ್ತೆ ಗೊತ್ತಾ, ರಜೆಯ ದಿನದ ಮೌನ. ಆಫ್ ಅಂದರೆ ಆಫ್, ಫೋನ್ ಬರುತ್ತಿರಲಿಲ್ಲ. ಅಂಗಡಿಗೆ ಆಫ್ ಇಲ್ಲ. ನನ್ನ ಮಗಳ ನಾಮಕರಣದ ದಿನ ಮಂತ್ರದ ಮಧ್ಯೆ ಒಬ್ಬರು ಫೋನ್ ಮಾಡಿ ಅರ್ಧ ಇಂಚಿನ ಎಲ್ಬೋ ಇದೆಯಾ ಅಂತ ಕೇಳಿದರು. ಇದೆ ಅಂದೆ.

ಲಾಸ್ ಆಫ್ ಲೈಸೆನ್ಸ್ ಇನ್ಶೂರೆನ್ಸ್, ಅಂದರೆ ಆರೋಗ್ಯ ಕೆಟ್ಟು ಲೈಸೆನ್ಸ್ ಹೋದರೆ ದುಡ್ಡು ಕೊಡುವ ವಿಮೆ, ಇದೆಯಾ ನಿಮಗೆ? ಕಂಪನಿ ಮಾಡಿಸಿರುವುದು ಎಷ್ಟಕ್ಕೆ ಅಂತ ನೋಡಿ. ನನ್ನ ಬ್ಯಾಚ್‌ಮೇಟ್ ಒಬ್ಬನಿಗೆ ಕಿಡ್ನಿ ಕಲ್ಲು ಬಂದು ಎಂಟು ತಿಂಗಳು ಅನ್‌ಫಿಟ್ ಮಾಡಿ ಕೂರಿಸಿದ್ದರು. ಕಲ್ಲು ಎಷ್ಟು ದೊಡ್ಡದು ಅಂತೀರಾ, ಸಾಸಿವೆ ಕಾಳು.

ಜಕ್ಕೂರು ಬೇಲಿ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಸೆಕೆಂಡ್ ಪಿಯುಸಿ. ದಿನಾ ಜಕ್ಕೂರು ಏರೋಡ್ರೋಮ್ ಬೇಲಿ ಹತ್ತಿರ ನಿಂತು ನೋಡುತ್ತೇನೆ. ಇದೆಲ್ಲ ಓದಿ ಭಯ ಆಗುತ್ತಿದೆ. ನಾನು ಸೇರಬೇಕಾ ಬೇಡವಾ?

ನಾಲ್ಕು ಪಟ್ಟಿ:

ಜಕ್ಕೂರು, ಬೇರೆ ಪೋಸ್ಟ್ ಹಾಕು, ಅಲ್ಲಿ ಬರೆಯುತ್ತೇನೆ. ಈಗ ಒಂದೇ ಮಾತು. ಫ್ಲೈಯಿಂಗ್ ಶಾಲೆಗೆ ಒಂದು ರೂಪಾಯಿ ಕಟ್ಟುವ ಮೊದಲು ಕಲಿಯಲು ಬೇಕಾದ ಕ್ಲಾಸ್ 2 ಮೆಡಿಕಲ್, ಅದಾದ ಮೇಲೆ ಸಂಬಳಕ್ಕೆ ಹಾರಿಸಲು ಬೇಕಾದ ಕ್ಲಾಸ್ 1 ಮೆಡಿಕಲ್ ಮಾಡಿಸು. ನಲವತ್ತು ಲಕ್ಷ ಕಟ್ಟಿ, 200 ಗಂಟೆ ಹಾರಿ, ಕೊನೆಗೆ ಕ್ಲಾಸ್ 1 ಬರಲ್ಲ ಅಂತ ಗೊತ್ತಾದ ಹುಡುಗರನ್ನು ನೋಡಿದ್ದೇನೆ.

ಪೀಬೆರಿ:

ಗರುಡಗಂಬ ಅವರಿಗೆ: ಪೊಟ್ಟಣ ಕಟ್ಟುವುದು ಅಷ್ಟು ಸುಲಭ ಅಲ್ಲ, ಅಮ್ಮ ನನಗೆ ಇನ್ನೂ ಅದನ್ನು ಕೊಟ್ಟಿಲ್ಲ.

ನಾಲ್ಕು ಪಟ್ಟಿ ಸರ್, ಒಬ್ಬನೇ ಪೈಲಟ್ ಇರುವ ವಿಮಾನ ಅಂದಿರಲ್ಲ, ಅದನ್ನು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನಾನು ಯಾವತ್ತೂ ಹಾಗೆ ನೋಡಿರಲಿಲ್ಲ. ಹುರಿಯುವುದನ್ನು ಅಪ್ಪ ಆ ಇಬ್ಬರು ಹುಡುಗರಿಗೂ ಕಲಿಸಿಲ್ಲ. ಕಲಿಸಿದರೆ ಬೇರೆ ಅಂಗಡಿ ಇಡುತ್ತಾರೆ ಅಂತ. ನನಗೂ ಕಲಿಸಿಲ್ಲ, ನಾನು ನೋಡಿ ಕಲಿತಿದ್ದು.

ನೆಲಕ್ಕಿಳಿದವ ಅವರೇ, ಎಲ್ಬೋ ಇದೆ ಅಂದಿದ್ದಕ್ಕೆ ನಿಮ್ಮ ಮನೆಯವರು ಏನಂದರು ಅಂತ ಕೇಳಲ್ಲ. ದರ್ಶಿನಿ ವಿಷಯ ಅರ್ಥ ಆಯಿತು.

ವಾರಕ್ಕೆ 48 ಗಂಟೆ ವಿಶ್ರಾಂತಿ ಅಂತ ಹೊಸ ನಿಯಮ ಬಂದಿದೆ, ಅದರಲ್ಲಿ ಊರಿಗೆ ಹೋಗಿ ಬರಬಹುದು ಅಂತ ಕೆಲವರು ಹೇಳುತ್ತಾರೆ. ಹೈದರಾಬಾದಿನಿಂದ ಬೆಂಗಳೂರು, ಅಲ್ಲಿಂದ ದೇವನಹಳ್ಳಿ, ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ. ಹೋಗಿ ನಿದ್ದೆ ಮಾಡಿ ಎದ್ದು ವಾಪಸ್. ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆಗುತ್ತೆ ಅಂತ ಚಿಕ್ಕವಳಿದ್ದಾಗಿಂದ ಕೇಳುತ್ತಿದ್ದೇನೆ. ಅದು ಆಗಿದ್ದರೆ ಈ ಪೋಸ್ಟೇ ಬರೆಯುತ್ತಿರಲಿಲ್ಲ.

ಲೆಕ್ಕದ ಪುಸ್ತಕ:

ಭಾವನೆ ಎಲ್ಲ ಆಯಿತು, ಈಗ ಆ 1.2 ಲಕ್ಷ ನೋಡೋಣ. ನಾನು ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಕೆಲಸ ಮಾಡುವವನು, ಸಣ್ಣ ಅಂಗಡಿಗಳದ್ದೇ ಜಾಸ್ತಿ. ಎಲ್ಲರೂ ಉಳಿಯುತ್ತೆ ಅಂತ ಒಂದು ಅಂಕಿ ಹೇಳುತ್ತಾರೆ, ಅದು ಗಲ್ಲಾದಲ್ಲಿ ಉಳಿದ ದುಡ್ಡು. ಲಾಭ ಬೇರೆ.

ಕಟ್ಟಡ ಸ್ವಂತದ್ದಾ? ಆಗಿದ್ದರೆ ಬಾಡಿಗೆ ಹಾಕಿಲ್ಲ. ಹಾಸನದ ಪೇಟೆಯಲ್ಲಿ ಅಂಥ ಜಾಗ ಬಾಡಿಗೆಗೆ ಕೊಟ್ಟರೆ 30,000 ಬರುತ್ತೆ ಅಂದುಕೊಳ್ಳಿ. ಅಪ್ಪನ ಕೆಲಸಕ್ಕೆ ಹೊರಗಿನವರನ್ನು ಇಟ್ಟರೆ 30,000, ಅಮ್ಮನ ಪ್ಯಾಕಿಂಗಿಗೆ 15,000. ಉಳಿದಿದ್ದು 45,000. ನಿಮ್ಮ ಸಾಲದ ಕಂತು 58,000. ಅಂದರೆ ನೀವು ಇವತ್ತು ಕೆಲಸ ಬಿಟ್ಟು ಬಂದರೆ ಅಪ್ಪ ಅಮ್ಮ ಸಂಬಳ ಇಲ್ಲದೆ ದುಡಿದು ನಿಮ್ಮ ಪೈಲಟ್ ಲೈಸೆನ್ಸಿನ ಸಾಲ ತೀರಿಸಬೇಕು. ಇದನ್ನು ಒಂದು ಸಲ ಜೋರಾಗಿ ಓದಿಕೊಳ್ಳಿ.

ಇನ್ನೂ ಒಂದಿದೆ, ಬೆಲೆ ದುಪ್ಪಟ್ಟಾದಾಗ ಜನ ಮಾರ್ಜಿನ್ ನೋಡುತ್ತಾರೆ, ದಾಸ್ತಾನು ನೋಡುವುದಿಲ್ಲ. ದಿನಕ್ಕೆ 30 ಕೆಜಿ ಪುಡಿ, ಚಿಕೋರಿ ಕಳೆದು, ಹುರಿದಾಗ ತೂಕ ಕಮ್ಮಿಯಾಗುವುದು ಸೇರಿಸಿ (ನೂರಕ್ಕೆ ಹದಿನೇಳು ಹದಿನೆಂಟು ಹೋಗುತ್ತಲ್ಲ), ತಿಂಗಳಿಗೆ ಹತ್ತಿರ ಹತ್ತಿರ 50 ಕೆಜಿಯ 15 ಮೂಟೆ ಹಸಿ ಬೀಜ ಬೇಕು. ಕೊಯ್ಲಿನ ಹೊತ್ತಿಗೆ ಮೂರು ತಿಂಗಳಿನದು ತುಂಬಿಡುವವರಾದರೆ ಮೊದಲು 5 ಲಕ್ಷ ಸಾಕಿತ್ತು, ಈಗ 10 ಲಕ್ಷ. ಆ ಜಾಸ್ತಿ 5 ಲಕ್ಷ ಎಲ್ಲಿಂದ ಬಂತು ಅಂತ ಅಪ್ಪನನ್ನು ಕೇಳಿ. ಒಂದೋ ಚಿನ್ನ ಅಡ ಇಟ್ಟಿರುತ್ತಾರೆ, ಇಲ್ಲ ಬೀಜದವರ ಹತ್ತಿರ ಬಾಕಿ ಇರುತ್ತೆ.

ನನ್ನ ಸಲಹೆ ಇಷ್ಟು. ಸಾಲ ತೀರುವ ತನಕ, ಎರಡೂಕಾಲು ವರ್ಷ, ಹಾರಿ. ಹುರಿಯುವ ಕೆಲಸಕ್ಕೆ ಒಬ್ಬರನ್ನು ಈಗಲೇ ಇಡಿ, ಅವರ ಸಂಬಳ ನಿಮ್ಮ ಸಂಬಳದಿಂದ ಹೋಗಲಿ. ಅದೇ ನಿಮ್ಮ ಬಂಡವಾಳ. ಪಾಲುದಾರಿಕೆ ಪತ್ರ ಮಾಡಿಸುವುದಾದರೆ ಮೊದಲು ನಿಮ್ಮ ಕಂಪನಿ ಕರಾರಿನಲ್ಲಿ ಬೇರೆ ವ್ಯವಹಾರದ ಬಗ್ಗೆ ಏನಿದೆ ಅಂತ ಓದಿ, ಹೆಚ್ಚಿನ ಕಡೆ ಲಿಖಿತ ಒಪ್ಪಿಗೆ ಕೇಳುತ್ತಾರೆ.

ಗಿರಿಯ ಗಾಳಿ:

ನಾನು ಚಿಕ್ಕಮಗಳೂರು, ಎಂಟು ವರ್ಷದಿಂದ ಹುರಿಯುತ್ತಿದ್ದೇನೆ, ಪೈಲಟ್ ವಿಷಯ ಗೊತ್ತಿಲ್ಲ. ಆದರೆ ಸುಟ್ಟ ಬೀಜದ ವಿಷಯ ಗೊತ್ತು.

ಅಕ್ಕ, ನಿಮ್ಮ ಡ್ರಮ್ಮಿಗೆ ಥರ್ಮೋಕಪಲ್, ಅಂದರೆ ಬಿಸಿ ಅಳೆಯುವ ಕಡ್ಡಿ, ಹಾಕಿಸಿ. ಕೆ ಟೈಪ್ ಅಂತ ಕೇಳಿ, ಜೊತೆಗೆ ಅಂಕಿ ತೋರಿಸುವ ಡಬ್ಬಿ, ಎಲ್ಲ ಸೇರಿ ಕೆಲವು ಸಾವಿರದಲ್ಲಿ ಮುಗಿಯುತ್ತೆ. ಬೀಜ ಮೊದಲ ಸಲ ಒಡೆಯುವುದು ಹೆಚ್ಚು ಕಮ್ಮಿ 195ರಿಂದ 205 ಡಿಗ್ರಿ ನಡುವೆ, ನಿಮ್ಮ ಡ್ರಮ್ಮಿನಲ್ಲಿ ಎಷ್ಟಕ್ಕೆ ತೋರಿಸುತ್ತೆ ಅಂತ ಹತ್ತು ಡ್ರಮ್ ನೋಡಿದರೆ ಗೊತ್ತಾಗುತ್ತೆ. ಒಂದು ನೋಟ್‌ಬುಕ್ ಇಡಿ. ಬೀಜ ಹಾಕಿದಾಗ ಎಷ್ಟು ಡಿಗ್ರಿ, ಒಡೆದಾಗ ಎಷ್ಟು ನಿಮಿಷ ಎಷ್ಟು ಡಿಗ್ರಿ, ಸುರಿದಾಗ ಎಷ್ಟು. ನಿಮ್ಮ ಅಪ್ಪನ ಕಿವಿ ಪೂರ್ತಿ ಹೋಗುವ ಮೊದಲು ಅವರು ಸುರಿಯುವ ಹೊತ್ತನ್ನು ಅಂಕಿಯಲ್ಲಿ ಹಿಡಿದಿಟ್ಟುಕೊಳ್ಳಿ. 36 ವರ್ಷದ ಕೈ ಅದು, ನನಗೆ ಸಿಗುವುದಾದರೆ ನಾನೇ ಬಂದು ಬರೆದುಕೊಳ್ಳುತ್ತೇನೆ.

ರೊಬಸ್ಟಾ ಜಾಸ್ತಿ ಇದ್ದರೆ ಸದ್ದು ಮೊದಲೇ ಮಂದ, ಅರೇಬಿಕಾದಷ್ಟು ಚುರುಕಾಗಿ ಕೇಳಲ್ಲ. ನನ್ನ ಕಿವಿ ಚೆನ್ನಾಗಿದ್ದರೂ ಪಕ್ಕದಲ್ಲಿ ಗ್ರೈಂಡರ್ ಓಡುತ್ತಿದ್ದರೆ ಎಷ್ಟೋ ಸಲ ತಪ್ಪುತ್ತೆ. ಅಪ್ಪನಿಗೆ ಅದನ್ನೂ ಹೇಳಿ, ಸಮಾಧಾನ ಆಗುತ್ತೆ.

ಪೀಬೆರಿ (ಮೂರು ವಾರದ ನಂತರ):

ಏನಾಯಿತು ಅಂತ ಕೆಲವರು ಕೇಳಿದ್ದೀರಿ, ಹೇಳುತ್ತೇನೆ.

ಮೈಸೂರಿಗೆ ಹೋಗಿ ಬಂದೆವು. ಅಪ್ಪ ದಾರಿಯುದ್ದಕ್ಕೂ ನನಗೇನೂ ಆಗಿಲ್ಲ, ನೀವೇ ಮೆಲ್ಲಗೆ ಮಾತಾಡುತ್ತೀರಿ ಅಂತಲೇ ಇದ್ದರು. ಆಡಿಯೋಗ್ರಾಂ, ಅಂದರೆ ಯಾವ ಸದ್ದು ಎಷ್ಟು ಕೇಳುತ್ತೆ ಅಂತ ತೋರಿಸುವ ನಕ್ಷೆ, ನನಗೆ ಓದೋಕೆ ಬರುತ್ತೆ. ಕೆಳಗಿನ ಸದ್ದುಗಳಲ್ಲಿ ಗೆರೆ ನೆಟ್ಟಗಿದೆ, 4,000 ಹರ್ಟ್ಸ್ ಹತ್ತಿರ ಬಾವಿಗೆ ಬಿದ್ದ ಹಾಗೆ ಇಳಿದಿದೆ, ಎರಡೂ ಕಿವಿ. ವರ್ಷಗಟ್ಟಲೆ ಜೋರು ಸದ್ದಿನಲ್ಲಿ ಕೆಲಸ ಮಾಡಿದವರಿಗೆ ಹೀಗೇ ಆಗುತ್ತೆ ಅಂದರು. ಅದಕ್ಕೇ ಅಪ್ಪನಿಗೆ ಮಾತು ಕೇಳುತ್ತಿತ್ತು, ಬೀಜದ ಸದ್ದು ಕೇಳುತ್ತಿರಲಿಲ್ಲ. ಈಗ ಹಿಯರಿಂಗ್ ಏಡ್ ಬಂದಿದೆ. ಫ್ಯಾನಿನ ಸದ್ದು ಜಾಸ್ತಿ, ಪ್ಲಾಸ್ಟಿಕ್ ಕವರ್ ಮುಟ್ಟಿದರೆ ತಲೆ ಒಡೆಯುತ್ತೆ ಅಂತ ಬೈಯುತ್ತಾರೆ. ಗ್ರೈಂಡರ್ ಓಡುವಾಗ ಅದನ್ನು ತೆಗೆದು ಕಿವಿಗೆ ಮಫ್ ಹಾಕಿಕೊಳ್ಳಬೇಕು, ಅದಕ್ಕೂ ಬೈಗುಳ. ಆದರೆ ಮೊದಲ ದಿನ ಡ್ರಮ್ ಮುಂದೆ ನಿಂತಾಗ, ನಾನು ಬೇಕಂತಲೇ ಏನೂ ಹೇಳದೆ ಗಲ್ಲಾದಲ್ಲಿದ್ದೆ, ಬೀಜ ಒಡೆಯಲು ಶುರುವಾದ ಕೂಡಲೇ ನನ್ನ ಕಡೆ ನೋಡದೆ ಒಂದು ಬೆರಳು ಎತ್ತಿದರು.

ಲೆಕ್ಕದ ಪುಸ್ತಕದವರೇ, ನೀವು ಹೇಳಿದ್ದು ಎರಡೂ ನಿಜ. ಅಮ್ಮನ ಎರಡು ಬಳೆ ಬ್ಯಾಂಕಿನಲ್ಲಿದೆ. ಬೀಜದವರ ಹತ್ತಿರ ಬಾಕಿಯೂ ಇದೆ. ನನಗೆ ಹೇಳಿರಲಿಲ್ಲ.

ನೋಟಿಸ್ ಕೊಟ್ಟಿಲ್ಲ, ಕಮಾಂಡ್‌ಗೆ ಹೋಗುತ್ತೇನೆ. ಬೇಸ್ ಬದಲಾವಣೆಗೆ ಈ ಸಲ ಅಪ್ಪನ ರಿಪೋರ್ಟ್ ಜೊತೆಗಿಟ್ಟು ಮತ್ತೆ ಬರೆದಿದ್ದೇನೆ. ಇಬ್ಬರು ಹುಡುಗರಲ್ಲಿ ದೊಡ್ಡವನಿಗೆ ಹುರಿಯುವುದು ಕಲಿಸಲು ಅಪ್ಪ ಒಪ್ಪಿದ್ದಾರೆ, ನಾನು ಅವನಿಗೆ ಸಂಬಳ ಜಾಸ್ತಿ ಮಾಡಿದ ಮೇಲೆ. ಎರಡೂಕಾಲು ವರ್ಷದ ಮೇಲೆ ಏನು ಅಂತ ಇವತ್ತು ಕೇಳಬೇಡಿ.

ಗಿರಿಯ ಗಾಳಿ ಅವರೇ, ಥರ್ಮೋಕಪಲ್ ತಂದಿದ್ದೇನೆ. "ಜ್ವರ ನೋಡೋ ಹಾಗೆ ಬೀಜಕ್ಕೂ ಥರ್ಮಾಮೀಟರ್ ಇಡ್ತೀಯಾ?" ಅಂತ ಅಪ್ಪ ಎರಡು ದಿನ ಮುಟ್ಟಲಿಲ್ಲ. ಇವತ್ತು ಬೆಳಿಗ್ಗೆ ಅವರೇ ಫೋನ್ ಮಾಡಿ ತೂತು ಎಲ್ಲಿ ಹೊಡೆಸಬೇಕು ಅಂತ ಕೇಳಿದರು. ಎಲ್ಲಿ ಹೇಳಲಿ?

ಗಿರಿಯ ಗಾಳಿ:

ಮುಂದಿನ ಪ್ಲೇಟಿಗೆ, ಬಾಗಿಲಿನ ಮೇಲುಗಡೆ ಬೇಡ. ಡ್ರಮ್ ತಿರುಗುವಾಗ ಬೀಜ ಯಾವ ಕಡೆ ಗುಡ್ಡೆ ಬೀಳುತ್ತೆ ನೋಡಿ, ಆ ಕಡೆ, ಕೆಳಗಿನ ಅರ್ಧದಲ್ಲಿ. ತುದಿ ಪೂರ್ತಿ ಬೀಜದೊಳಗೆ ಮುಳುಗಿರಬೇಕು, ಬರೀ ಗಾಳಿಗೆ ತಾಗುತ್ತಿದ್ದರೆ ಅಂಕಿ ಸುಳ್ಳು ಹೇಳುತ್ತೆ. ಒಳಗಿನ ಬ್ಲೇಡಿಗೆ ತಗಲದ ಹಾಗೆ ಮೊದಲು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ ಆಮೇಲೆ ತೂತು ಹೊಡೆಸಿ. ಡ್ರಮ್ ತಣ್ಣಗಿರಲಿ.

ಪೀಬೆರಿ:

ಅಪ್ಪನಿಗೆ ಓದಿ ಹೇಳಿದೆ. ಎಡಗಡೆ ಅಂತೆ. ವೆಲ್ಡಿಂಗ್‌ನವನು ಭಾನುವಾರ ಬರುತ್ತಾನೆ.